ಆರನೆಯ ಪುಸ್ತಕದ ಕಳ್ಳಿ

ಬಿನ್ ಮಹಮೂದ್, ದೋಹಾ
10 ಜನವರಿ 2025

ಅರುಂಧತಿ,

ಕ್ಷೇಮ ಸಮಾಚಾರ ವಿಚಾರಿಸುವ ಮನಸ್ಸಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ನಂಬರನ್ನು ಬ್ಲಾಕ್ ಮಾಡಿ ಎರಡು ವರ್ಷವಾಯಿತು. ಈಗ ಅದನ್ನು ತೆಗೆದು ನಾಲ್ಕು ಮಾತು ಬೈದರೆ ನೀನು ಅಳಿಸಿಹಾಕಿ ಕಾಫಿ ಕುಡಿಯಲು ಹೋಗುತ್ತೀ. ಕಾಗದವಾದರೆ ಹರಿದುಹಾಕುವ ಕಷ್ಟವನ್ನಾದರೂ ಪಡಬೇಕು. ಪಕ್ಕದ ಫ್ಲ್ಯಾಟಿನವರು ನಾಡಿದ್ದು ಊರಿಗೆ ಹೊರಟಿದ್ದಾರೆ, ಬೆಂಗಳೂರಿನಲ್ಲಿ ಇದನ್ನು ಅಂಚೆಗೆ ಹಾಕುತ್ತಾರೆ.

ನೀನು ನಮ್ಮ ಪ್ರೆಸ್ಸಿನ ಆಫೀಸು ಬಿಟ್ಟು ಮೈಸೂರಿಗೆ ಹೋದ ಮೇಲೆ ನಿನ್ನ ಕುರ್ಚಿಗೆ ಬಂದ ಟ್ರೆವರ್ ಕ್ರಿಸ್ಮಸ್ ರಜೆ ಮುಗಿಸಿ ನಿನ್ನೆ ಬಂದ. "ರೋಸಲಿನ್ ಆಂಟಿ, ನಮ್ಮ ಪುಸ್ತಕ ಕನ್ನಡದಲ್ಲಿ ಬಂದಿದೆ, ಉಡುಪಿಯಲ್ಲಿ ಸಿಕ್ತು ನೋಡಿ" ಎಂದು ಮೇಜಿನ ಮೇಲಿಟ್ಟ. 'ಮೂರನೇ ಮಹಡಿಯ ಪತ್ತೇದಾರರು', ಆರನೆಯ ಪುಸ್ತಕ, 'ಬೆಳ್ಳಿಯ ಧೂಪದಾನಿ'. ಅರಬ್ಬಿ ಮೂಲ ಅಬ್ದುಲ್ ಮಜೀದ್, ಕನ್ನಡಕ್ಕೆ ಅರುಂಧತಿ. ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಅಲ್ಲೇ ಓದಲು ಕುಳಿತೆ. ಕೊನೆಯ ಪುಟಕ್ಕೆ ಬಂದಾಗ ಮೈಯೆಲ್ಲ ಉರಿದುಹೋಯಿತು.

ಅನುವಾದ ಮಾಡಿದವಳು ನೀನೇ ಆದರೂ ನಿನಗೇ ಕಥೆ ಹೇಳಿಕೊಡುವ ಗತಿ ಬಂದಿದೆ. ಈ ಮಾಲೆಯ ಪ್ರತಿ ಪುಸ್ತಕದಲ್ಲೂ ಒಂದೇ ಕಟ್ಟಡದ ನಾಲ್ಕು ಮಕ್ಕಳು ಒಂದು ಕಳವಿನ ಬೆನ್ನುಹತ್ತುತ್ತಾರೆ. ಕಳ್ಳನ ಹೆಸರನ್ನು ಮಾತ್ರ ಅವರು ಹೇಳುವುದಿಲ್ಲ. ಇಪ್ಪತ್ತೇಳನೇ ಪುಟದಲ್ಲಿ ಎಲ್ಲರೂ ಸಾಲಾಗಿ ನಿಂತ ಬಣ್ಣದ ಚಿತ್ರವಿರುತ್ತದೆ, ಓದುವ ಮಗು ಅದನ್ನು ನೋಡಿ ತಾನೇ ಕಂಡುಹಿಡಿಯಬೇಕು. ಉತ್ತರ ಕೊನೆಯ ಪುಟದಲ್ಲಿ ತಲೆಕೆಳಗಾಗಿ ಅಚ್ಚಾಗಿರುತ್ತದೆ. ಆರನೆಯ ಪುಸ್ತಕದಲ್ಲಿ ಕಳ್ಳ ಧೂಪದಾನಿಯನ್ನು ಕೆಂಡವಿದ್ದಾಗಲೇ ಎತ್ತಿಕೊಂಡು ಹೋದ್ದರಿಂದ ಅವನ ಎಡಗೈ ಸುಟ್ಟಿರುತ್ತದೆ. ಚಿತ್ರದಲ್ಲಿ ಮಾಲೀಕನ ಮಗ ಫೈಸಲ್ ಎಡಗೈಯನ್ನು ಜೇಬಿನಲ್ಲಿ ಅಡಗಿಸಿಕೊಂಡಿದ್ದಾನೆ. ಮನೆಗೆಲಸದ ಲೀಲಾಳ ಬಲಗೈಗೆ ಬಟ್ಟೆ ಸುತ್ತಿದೆ, ಅದು ಈರುಳ್ಳಿ ಹೆಚ್ಚುವಾಗ ಕೊಯ್ದುಕೊಂಡ ಗಾಯ. ದೊಡ್ಡವರೆಲ್ಲ ಬಟ್ಟೆ ನೋಡಿ ಲೀಲಾಳನ್ನು ಹಿಡಿಯುತ್ತಾರೆ, ಮಕ್ಕಳು ಮಾತ್ರ ಅದು ಯಾವ ಕೈ ಎಂದು ನೋಡುತ್ತಾರೆ. ಅಷ್ಟೇ ಕಥೆ.

ನಿನ್ನ ಪುಸ್ತಕದಲ್ಲಿ ಆ ಚಿತ್ರ ತಿರುಗಿ ನಿಂತಿದೆ. ಅರಬ್ಬಿ ಬಲದಿಂದ ಎಡಕ್ಕೆ ಓದುವ ಭಾಷೆ. ಇಂಗ್ಲಿಷಿಗೋ ಕನ್ನಡಕ್ಕೋ ಹೋಗುವಾಗ ಚಿತ್ರಗಳನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿಸುವುದು ನಮ್ಮ ಕಸುಬಿನ ಪದ್ಧತಿ. ತಿರುಗಿಸಿದ ಮೇಲೆ ಬಟ್ಟೆ ಸುತ್ತಿದ್ದು ಎಡಗೈ ಆಗುತ್ತದೆ, ಜೇಬಿನಲ್ಲಿರುವುದು ಬಲಗೈ. ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕುಳಿತು ಕೆಲಸ ಮಾಡಿದ ನಿನಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಚಿತ್ರವನ್ನು ಸರಿಮಾಡದೆ ಉತ್ತರವನ್ನೇ ಬದಲಿಸಿಬಿಟ್ಟೆ. 'ಕಳ್ಳಿ: ಕೆಲಸದ ಲೀಲಾ' ಎಂದು ಕೊನೆಯ ಪುಟದಲ್ಲಿ ಹಾಕಿದ್ದೀ. ಈರುಳ್ಳಿಯ ಸಾಲನ್ನೇ ಕಿತ್ತೆಸೆದಿದ್ದೀ.

ಯಾರನ್ನು ಕೇಳಿ ಮಾಡಿದೆ? ಅಬ್ದುಲ್ ಮಜೀದ್ ಸಾಹೇಬರನ್ನು ಕೇಳಿದೆಯಾ? ಸುಡಾನಿನ ಆ ಮುದುಕ ಮೇಷ್ಟ್ರು ಒಂದೊಂದು ಸಾಲಿಗೆ ಒಂದೊಂದು ದಿನ ತೆಗೆದುಕೊಂಡು ಬರೆದ ಪುಸ್ತಕ ಅದು. ಅವರು ಪ್ರತಿಸಲ ಸಿಕ್ಕಾಗಲೂ "ಕನ್ನಡದ್ದು ಬಂತಾ?" ಎಂದು ಕೇಳುತ್ತಾರೆ. ಅವರಿಗೆ ಏನೆಂದು ತೋರಿಸಲಿ?

ಉತ್ತರ ಬರೆ. ಸಬೂಬು ಬೇಡ.

ರೋಸಲಿನ್


ಕುವೆಂಪುನಗರ, ಮೈಸೂರು
28 ಜನವರಿ 2025

ರೋಸಲಿನ್,

ನಿನ್ನ ಕಾಗದ ತಲುಪಿತು. ಹರಿಯಲಿಲ್ಲ. ಎರಡು ಸಲ ಓದಿದೆ, ಎರಡು ಸಲವೂ ಕೋಪ ಬಂತು.

ಚಿತ್ರಗಳು ನನ್ನ ಹತ್ತಿರ ಬಂದದ್ದೇ ತಿರುಗಿಸಿದ ಸ್ಥಿತಿಯಲ್ಲಿ. ಕಳಿಸಿದ್ದು ನಿಮ್ಮ ಆಫೀಸು, ನಿನ್ನ ಕಂಪ್ಯೂಟರಿನಿಂದ. ಇಂಗ್ಲಿಷ್ ಆವೃತ್ತಿಯ ಕಾಲದಲ್ಲಿ ಆ ಒಂದು ಚಿತ್ರಕ್ಕೆ 'ತಿರುಗಿಸಬೇಡಿ' ಎಂದು ಕೆಂಪು ಶಾಯಿಯಲ್ಲಿ ಬರೆದು ಚೀಟಿ ಅಂಟಿಸಿದವಳು ನೀನು. ನಾನು ಪಕ್ಕದಲ್ಲೇ ಇದ್ದೆ. ಕನ್ನಡಕ್ಕೆ ಕಳಿಸುವಾಗ ಆ ಚೀಟಿ ಎಲ್ಲಿ ಹೋಗಿತ್ತು? ನನಗೆ ಅನುಮಾನ ಬಂದು ಮೂರು ಮೇಲ್ ಹಾಕಿದೆ. 'ಪುಟ 27 ಸರಿಯಾಗಿದೆಯಾ ನೋಡಿ ಹೇಳು' ಎಂದು ಒಂದೇ ಸಾಲು. ನೀನು ತೆರೆದೂ ನೋಡಲಿಲ್ಲ. ಅಷ್ಟರಲ್ಲಿ ಇಲ್ಲಿನ ಪ್ರಕಾಶಕರು ಬಣ್ಣದ ಪುಟಗಳನ್ನು ಅಚ್ಚು ಮಾಡಿಬಿಟ್ಟರು. ಅಕ್ಷರದ ಪುಟಗಳು ಮಾತ್ರ ಉಳಿದಿದ್ದವು. ಶಾಲಾ ಗ್ರಂಥಾಲಯಗಳಿಗೆ ಒಂದು ವಾರದಲ್ಲಿ ಪುಸ್ತಕ ಹೋಗಬೇಕಿತ್ತು. 'ಎಡಗೈ' ಎಂಬುದು ಹನ್ನೊಂದು ಕಡೆ ಬರುತ್ತದೆ. ಬಾಗಿಲಿನ ಚಿಲಕ, ಮೆಟ್ಟಿಲಿನ ತಿರುವು, ಎಲ್ಲ ಲೆಕ್ಕಾಚಾರವೂ ಅದರ ಮೇಲೇ ನಿಂತಿದೆ. ಅದನ್ನೆಲ್ಲ ಒಂದು ದಿನದಲ್ಲಿ ತಿದ್ದಲು ಕೂತರೆ ಇನ್ನೆಲ್ಲೋ ತಪ್ಪಾಗುತ್ತಿತ್ತು. ಉತ್ತರ ಬದಲಿಸಿದರೆ ಎರಡು ಸಾಲಿನ ಕೆಲಸ. ಪ್ರಕಾಶಕರು ಹೇಳಿದರು, ನಾನು ಒಪ್ಪಿದೆ.

ಚೆನ್ನಾಗಿ ಮಾಡಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇದು ಮಕ್ಕಳ ಪತ್ತೇದಾರಿ ಕಥೆ. ಕಳ್ಳ ಫೈಸಲ್ ಆದರೇನು, ಲೀಲಾ ಆದರೇನು, ಊರು ಮುಳುಗಿಹೋಗುವುದಿಲ್ಲ. ನಿನ್ನ ಸಿಟ್ಟಿನ ಮೂಲ ಬೇರೆ ಇದೆ, ಅದನ್ನು ನೇರವಾಗಿ ಬರೆ. ಈ ಮಾಲೆಯನ್ನು ಕನ್ನಡಕ್ಕೆ ತರುವ ಕೆಲಸ ನಿನಗೆ ಬೇಕಿತ್ತು. ಪ್ರಕಾಶಕರು ನನ್ನನ್ನು ಕೇಳಿದರು. ನಾನು ಒಪ್ಪಿಕೊಂಡ ದಿನದಿಂದ ನಿನಗೆ ನಾನು ಶತ್ರು. ಮನ್ಸೂರಾದ ಆ ಹೋಟೆಲಿನಲ್ಲಿ ಮಸಾಲೆ ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದೆಯಲ್ಲ, ಬಿಲ್ ಕೊಟ್ಟು ಒಬ್ಬಳೇ ನಡೆದು ಬಂದವಳು ನಾನು. ಸಂಜೆ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಅರಬ್ಬಿ ಕಲಿತ ಗೆಳತಿಗೆ ಹೊಟ್ಟೆಕಿಚ್ಚು ಇಷ್ಟಿರಬಹುದು ಎಂದು ನಾನು ಎಣಿಸಿರಲಿಲ್ಲ.

ಅರುಂಧತಿ


ಬಿನ್ ಮಹಮೂದ್
15 ಫೆಬ್ರವರಿ 2025

ಅರುಂಧತಿ,

ಹೊಟ್ಟೆಕಿಚ್ಚು! ಇರಲಿ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಚೀಟಿಯ ವಿಷಯವನ್ನೂ ಒಪ್ಪಿಕೊಳ್ಳುತ್ತೇನೆ. ನಿನಗೆ ಕಳಿಸುವ ಫೈಲು ಎಂದು ಗೊತ್ತಿತ್ತು, ಸಿಟ್ಟಿನಲ್ಲಿ ಮೂವತ್ತೆರಡು ಪುಟಗಳನ್ನೂ ಒಟ್ಟಿಗೆ ತಿರುಗಿಸಿ ಕಳಿಸಿಬಿಟ್ಟೆ. ನಿನ್ನ ಹೆಸರು ಕಂಡ ಮೇಲ್‌ಗಳನ್ನು ತೆರೆಯಲಿಲ್ಲ. ಅದು ನನ್ನ ತಪ್ಪು. ಆದರೆ ನಾನು ತಿರುಗಿಸಿದ್ದು ಚಿತ್ರ, ನೀನು ತಿರುಗಿಸಿದ್ದು ನ್ಯಾಯ. ಹನ್ನೊಂದು ಕಡೆ ಒಂದು ಪದ ತಿದ್ದುವ ಬದಲು ಒಬ್ಬಳನ್ನು ಕಳ್ಳಿ ಮಾಡುವುದು ನಿನಗೆ ಸುಲಭವಾಯಿತು. ಮಾಲೀಕನ ಮಗನಿಗಿಂತ ಕೆಲಸದವಳು ಕದ್ದಳು ಎಂದರೆ ಯಾವ ಮಗುವೂ ಪ್ರಶ್ನೆ ಕೇಳುವುದಿಲ್ಲ ಎಂದು ನಿನ್ನ ಪ್ರಕಾಶಕರಿಗೂ ಗೊತ್ತು, ನಿನಗೂ ಗೊತ್ತು.

ಕಳ್ಳಿ ಲೀಲಾ ಆದರೇನು ಎಂದು ಕೇಳಿದ್ದೀಯಲ್ಲ, ಹೇಳುತ್ತೇನೆ ಕೇಳು. ನಿನಗೆ ಇದುವರೆಗೆ ಹೇಳಿರಲಿಲ್ಲ.

ಲೀಲಾ ಇದ್ದಾಳೆ. ಪೂರ್ತಿ ಹೆಸರು ಲೀಲಾಕ್ಷಿ, ಉಚ್ಚಿಲದವಳು. 2011ರಲ್ಲಿ ನಮ್ಮ ಪ್ರೆಸ್ಸಿನ ಆಗಿನ ಮಾಲೀಕರ ಅಕ್ಕ ನೂರಾ ಮೇಡಂ ಅವರ ಮನೆಗೆ ಕೆಲಸಕ್ಕೆ ಬಂದಿದ್ದಳು. ಬಂದು ಏಳು ತಿಂಗಳಾಗಿತ್ತು, ಅಡುಗೆಮನೆಯ ನಾಲ್ಕು ಮಾತು ಬಿಟ್ಟರೆ ಅರಬ್ಬಿ ಬರುತ್ತಿರಲಿಲ್ಲ. ಮೇಡಂ ಅವರ ಚಿನ್ನದ ಗಡಿಯಾರ ಕಾಣೆಯಾಯಿತು. ತೆಗೆದದ್ದು ಮಾಲೀಕರ ಮಗ. ಲೀಲಾಕ್ಷಿ ಕಣ್ಣಾರೆ ನೋಡಿದ್ದಳು. ಅವಳ ಪರವಾಗಿ ಮಾತಾಡಲು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮೂರೇ ದಿನದಲ್ಲಿ ಅವಳನ್ನು ವಿಮಾನ ಹತ್ತಿಸಿದರು. ವೀಸಾ ಕೊಡಿಸಿದ ಏಜೆಂಟ್ ಊರೆಲ್ಲ ಹೇಳಿಕೊಂಡು ಬಂದ. ಶಾಲೆಯ ಬಿಸಿಯೂಟದ ಅಡುಗೆ ಕೆಲಸಕ್ಕೆ ಅರ್ಜಿ ಹಾಕಿದರೆ, ಕದ್ದು ಬಂದವಳ ಕೈಗೆ ಅಕ್ಕಿ ಚೀಲ ಕೊಡುವುದೇ ಎಂದು ತಕರಾರು ಎತ್ತಿದರು. ಆ ಕೆಲಸ ಸಿಗಲು ಆರು ವರ್ಷ ಬೇಕಾಯಿತು.

ಒಂದು ದಿನ ಚಹಾ ಕುಡಿಯುವಾಗ ಅಬ್ದುಲ್ ಮಜೀದ್ ಸಾಹೇಬರಿಗೆ ಇದನ್ನು ಹೇಳಿದೆ. ಅವರು ಲೋಟ ಕೆಳಗಿಟ್ಟು, "ಅವಳ ಪರವಾಗಿ ನನ್ನ ಕಥೆಯ ನಾಲ್ಕು ಮಕ್ಕಳನ್ನು ನಿಲ್ಲಿಸುತ್ತೇನೆ" ಎಂದರು. ಹೆಸರು ಕೇಳಿ ಲೀಲಾ ಎಂದೇ ಇಟ್ಟರು. ಹಾಗೆ ಬಂದದ್ದು ಆರನೆಯ ಪುಸ್ತಕ. ನನ್ನ ತಂಗಿ ಕ್ಯಾರೊಲ್ ಅದೇ ಉಚ್ಚಿಲದ ಶಾಲೆಯಲ್ಲಿ ಟೀಚರ್. ಅವಳ ಮೂಲಕ ಲೀಲಾಕ್ಷಿಗೆ ಹೇಳಿಸಿದ್ದೆ, ನಿನ್ನ ಕಥೆ ಪುಸ್ತಕವಾಗಿದೆ, ಅದರಲ್ಲಿ ನೀನು ಕದ್ದಿಲ್ಲ ಎಂದು. ಅವಳು ಕೇಳಿದ್ದು ಒಂದೇ: "ಕನ್ನಡದಲ್ಲಿ ಯಾವಾಗ ಬರ್ತದೆ ಟೀಚರ್?" ಅದಕ್ಕೇ ಆ ಕೆಲಸ ನನಗೆ ಬೇಕಿತ್ತು. ನಿನಗೆ ಸಿಕ್ಕಿತು, ನೀನು ಹೀಗೆ ಮಾಡಿದೆ.

ನಿನ್ನ ಪುಸ್ತಕ ಈಗ ಆ ಶಾಲೆಯ ಕಪಾಟಿನಲ್ಲಿದೆ. ಊಟ ಬಡಿಸುವಾಗ ಐದನೇ ಕ್ಲಾಸಿನ ಮಕ್ಕಳು "ಲೀಲಕ್ಕ, ಎಡಗೈ ತೋರಿಸಿ" ಎನ್ನುತ್ತಾರಂತೆ. ಕ್ಯಾರೊಲ್ ಫೋನಿನಲ್ಲಿ ಹೇಳಿದಳು. ಅಷ್ಟೊತ್ತಿಗೆ ಪೋಷಕರ ಸಭೆಯಲ್ಲೂ ಹಳೆಯದು ಎದ್ದಿದೆಯಂತೆ. ಈ ಸಲ ಕೆಲಸ ಹೋದರೆ ಅವಳಿಗೆ ಬೇರೆ ದಾರಿಯಿಲ್ಲ.

ಪುಸ್ತಕ ವಾಪಸ್ ತರಿಸು. ಏನಾದರೂ ಮಾಡು.

ರೋಸಲಿನ್


ಮೈಸೂರು
16 ಮಾರ್ಚ್ 2025

ರೋಸಲಿನ್,

ಊರು ಮುಳುಗಿಹೋಗುವುದಿಲ್ಲ ಎಂದು ಬರೆದಿದ್ದೆನಲ್ಲ, ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನಾಚಿಕೆಯಾಗುತ್ತದೆ.

ಪ್ರಕಾಶಕರ ಹತ್ತಿರ ಒಂದು ದಿನವೆಲ್ಲ ಜಗಳವಾಡಿದೆ. ಅಂಗಡಿಗಳಲ್ಲಿ ಉಳಿದ ಪ್ರತಿಗಳನ್ನು ಹಿಂದಕ್ಕೆ ತರಿಸುತ್ತಿದ್ದಾರೆ. ಚಿತ್ರದ ಹಾಳೆ ಮತ್ತು ಕೊನೆಯ ಹಾಳೆಯನ್ನು ಹೊಸದಾಗಿ ಅಚ್ಚು ಮಾಡಿಸುತ್ತೇವೆ, ಅರ್ಧ ಖರ್ಚು ನನ್ನದು. ಈರುಳ್ಳಿಯ ಸಾಲು ತನ್ನ ಜಾಗಕ್ಕೆ ಮರಳಿದೆ. ಉಚ್ಚಿಲದ ಶಾಲೆಗೆ ಈ ತಿಂಗಳ ಕೊನೆಗೆ ನಾನೇ ಹೋಗಿ ಹೊಸ ಪ್ರತಿ ಕೊಟ್ಟು, ಮಕ್ಕಳ ಮುಂದೆ ನಿಂತು ತಪ್ಪು ಯಾರದೆಂದು ಹೇಳುತ್ತೇನೆ.

ಅದಕ್ಕೆ ಮೊದಲು ಲೀಲಾಕ್ಷಿಯವರ ಮುಂದೆ ಹೇಳಬೇಕಲ್ಲ. ಕಳೆದ ಭಾನುವಾರ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಹೆದ್ದಾರಿ ದಾಟಿ ಕಡಲಿನ ಕಡೆಗೆ ಒಳದಾರಿಯಲ್ಲಿ ಮನೆ. ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದರು. ನನ್ನ ಹೆಸರು ಹೇಳಿದೆ. "ಪುಸ್ತಕ ಬರೆದವರಾ?" ಎಂದು ಕೇಳಿ, ಕೈ ಒರೆಸಿಕೊಂಡು ಬಂದು ಕುರ್ಚಿ ಹಾಕಿದರು. ಚಹಾ ಕೊಟ್ಟರು. ನಾನು ಕ್ಷಮೆ ಕೇಳಿದೆ. ಅವರು ಒಳಗೆ ಹೋಗಿ ಪುಸ್ತಕ ತಂದರು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದರು.

"ಒಂದು ಕೇಳ್ತೇನೆ ಅಕ್ಕ," ಎಂದರು. "ಇದ್ರಲ್ಲಿ ಎಲ್ಲರೂ ಇದ್ದಾರೆ. ಮೇಡಂ ಇದ್ದಾರೆ, ಹುಡುಗ ಇದ್ದಾನೆ, ನಾನೂ ಇದ್ದೇನೆ. ಆ ಬಾಯಿ ಎಲ್ಲಿ?"

"ಯಾವ ಬಾಯಿ?" ಎಂದೆ.

"ರೋಸಲಿನ್ ಬಾಯಿ. ನನ್ನ ಮಾತು ಮೇಡಂಗೆ ಹೇಳ್ಲಿಕ್ಕೆ ಪ್ರೆಸ್ಸಿಂದ ಕರೆಸಿದ್ರಲ್ಲ. ನಾನು ಕನ್ನಡದಲ್ಲಿ ಹೇಳಿದ್ದು, ಅವರು ಅರಬ್ಬಿಯಲ್ಲಿ ಹೇಳಿದ್ದು. ನಾನು ತೆಗಿಲಿಲ್ಲ, ಹುಡುಗ ತೆಗ್ದದ್ದು ನೋಡಿದ್ದೇನೆ ಅಂತ ಹೇಳಿದೆ. ಮೇಡಂಗೆ ಅಷ್ಟೊತ್ತು ಕೆಂಡದಂಥ ಸಿಟ್ಟು ಇತ್ತು. ಬಾಯಿ ಹೇಳಿ ಮುಗಿಸಿದ ಕೂಡ್ಲೇ ಹೀಗೆ ತಲೆ ಆಡಿಸಿ ತಣ್ಣಗಾದ್ರು. ಇಲ್ಲ ಅಂದವಳ ಮಾತಿಗೆ ಯಾರಾದ್ರೂ ತಣ್ಣಗಾಗ್ತಾರಾ ಅಕ್ಕ? ತನ್ನ ತಮ್ಮನ ಮಗನ ಹೆಸರು ಕೇಳಿದ್ರೆ ಇನ್ನೂ ಸಿಟ್ಟು ಬರ್ಬೇಕಿತ್ತಲ್ಲ? ಹದಿನಾಲ್ಕು ವರ್ಷದಿಂದ ಇದನ್ನೇ ಯೋಚ್ನೆ ಮಾಡ್ತಾ ಇದ್ದೇನೆ."

'ಅವಳ ಪರವಾಗಿ ಮಾತಾಡಲು ಆ ಮನೆಯಲ್ಲಿ ಯಾರೂ ಇರಲಿಲ್ಲ' ಎಂದು ನನಗೆ ಬರೆದವಳು ನೀನು. ಅಬ್ದುಲ್ ಮಜೀದ್ ಸಾಹೇಬರಿಗೂ ಅದನ್ನೇ ಹೇಳಿದ್ದೀ. ಆ ಮುದುಕರು ಅದನ್ನು ನಂಬಿ ನಾಲ್ಕು ಮಕ್ಕಳನ್ನು ಅವರ ಪರವಾಗಿ ನಿಲ್ಲಿಸಿದರು. ಎರಡು ಸಾಲು ಬದಲಿಸಿದ್ದಕ್ಕೆ ನನಗೆ ಇಷ್ಟುದ್ದ ಬೈಗುಳದ ಕಾಗದ ಬರೆದೆಯಲ್ಲ, ರೋಸಲಿನ್. ಆವತ್ತು ಆ ಕೋಣೆಯಲ್ಲಿ ನೀನು ಏನು ಹೇಳಿದೆ?

ಅರುಂಧತಿ


ಬಿನ್ ಮಹಮೂದ್
29 ಮಾರ್ಚ್ 2025

ಅರುಂಧತಿ,

ಪುಸ್ತಕ ಸರಿಮಾಡು ಎಂದರೆ ನೀನು ನನ್ನ ಮೇಲೆ ಪತ್ತೇದಾರಿಕೆಗೆ ಹೊರಟೆಯಾ? ನಿನಗೆ ಅಲ್ಲಿಗೆ ಹೋಗು ಎಂದವರಾರು?

ಹೌದು, ನಾನು ಅಲ್ಲಿದ್ದೆ. ನನ್ನ ವೀಸಾ ಮಾಲೀಕರ ಕೈಯಲ್ಲಿತ್ತು. ಅವರ ಮಗನನ್ನೇ ಕಳ್ಳ ಎಂದು ಅವರ ಅಕ್ಕನ ಮುಂದೆ ನನ್ನ ಬಾಯಿಂದ ಹೇಳಬೇಕಿತ್ತೇ? ಹೇಳಿದ್ದರೆ ಅವಳನ್ನು ನಂಬುತ್ತಿದ್ದರೇ? ಪೊಲೀಸರಿಗೆ ಕೊಡುತ್ತಿದ್ದರು, ವರ್ಷಗಟ್ಟಲೆ ಒಳಗೆ ಕೊಳೆಯುತ್ತಿದ್ದಳು. ನಾನು ಅವಳನ್ನು ಉಳಿಸಿದೆ. ಹೇಗೆ ಉಳಿಸಿದೆ ಎಂದು ನಿನಗೆ ವರದಿ ಒಪ್ಪಿಸಬೇಕಾಗಿಲ್ಲ. ಮುಡಾ ಸೈಟಿನಲ್ಲಿ ಮನೆ ಕಟ್ಟಿಕೊಂಡು ಕೂತು ಈಗ ನ್ಯಾಯ ಹೇಳುವುದು ಸುಲಭ. ನಾನು ಆಗ ಇಲ್ಲಿನ ನಜ್ಮಾ ಬಡಾವಣೆಯ ಒಂದು ಕೋಣೆಯಲ್ಲಿ ಐದು ಜನರ ಜೊತೆ ಮಲಗುತ್ತಿದ್ದೆ, ಕ್ಯಾರೊಲಳ ಓದು ನನ್ನ ಸಂಬಳದಲ್ಲಿ ನಡೆಯುತ್ತಿತ್ತು.

ಇನ್ನು ಬರೆಯಬೇಡ. ಖಲಾಸ್.

ರೋಸಲಿನ್


ಉಚ್ಚಿಲ
22 ಏಪ್ರಿಲ್ 2025

ರೋಸಲಿನ್ ಬಾಯಿಯವರಿಗೆ,

ಉಚ್ಚಿಲದಿಂದ ಲೀಲಾಕ್ಷಿ ಬರೆಯುವ ಕಾಗದ. ನಾನು ಏಳನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಇದನ್ನು ಬೇರೆಯವರ ಹತ್ತಿರ ಬರೆಸಬಹುದಿತ್ತು, ಕ್ಯಾರೊಲ್ ಟೀಚರ್ ಇದ್ದರು. ನನ್ನ ಮಾತನ್ನು ಇನ್ನೊಬ್ಬರ ಕೈಗೆ ಕೊಡುವುದು ನನಗೆ ಆಗಿಬರುವುದಿಲ್ಲ, ಹಾಗಾಗಿ ನಾನೇ ಬರೆದದ್ದು.

ಅರುಂಧತಿ ಅಕ್ಕ ಮಾರ್ಚ್ ಕೊನೆಗೆ ಶಾಲೆಗೆ ಬಂದರು. ಹಳೇ ಪುಸ್ತಕ ತೆಗೆದು ಹೊಸದು ಇಟ್ಟರು. ಪುಸ್ತಕ ಓದಿದ ಮೂರು ಕ್ಲಾಸಿಗೂ ಹೋಗಿ ಮಕ್ಕಳ ಎದುರು ನಿಂತು, ಲೀಲಾ ಕದ್ದಿಲ್ಲ, ನಾನೇ ತಪ್ಪು ಬರೆದದ್ದು ಎಂದು ಹೇಳಿದರು. ಪೋಷಕರ ಸಭೆಯಲ್ಲಿಯೂ ಹೇಳಿದರು. ಕೆಲವರು ತಲೆ ತಗ್ಗಿಸಿದರು. ಕೆಲವರು, ಇದು ಕಥೆಯ ಲೀಲಾ, ಗಲ್ಫಿನಲ್ಲಿ ಕದ್ದದ್ದು ಬೇರೆ ಎಂದರು. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ನನ್ನ ಕೆಲಸದ ವಿಷಯ ತೀರ್ಮಾನ ಮಾಡುತ್ತಾರಂತೆ.

ನೀವು ನನ್ನನ್ನು ಉಳಿಸಿದ್ದು ಎಂದು ಬರೆದಿದ್ದೀರಂತೆ. ಅರುಂಧತಿ ಅಕ್ಕ ಫೋನಿನಲ್ಲಿ ಓದಿ ಹೇಳಿದರು. ನನಗೆ ನಗು ಬಂತು, ಆಮೇಲೆ ಬಹಳ ಸಿಟ್ಟು ಬಂತು. ಮಗಳಿಗೆ ಬಂದ ಎರಡು ಸಂಬಂಧ ತಪ್ಪಿಹೋಯಿತು ಬಾಯಿ. ನನ್ನ ಗಂಡ ಸಾಯುವವರೆಗೂ ಒಂದು ಸಲವೂ ಕೇಳಲಿಲ್ಲ, ನೀನು ತೆಗೆದದ್ದು ಹೌದಾ ಎಂದು. ಕೇಳಿದ್ದರೆ ಇಲ್ಲ ಎನ್ನಬಹುದಿತ್ತು. ಕೇಳದೆ ಇದ್ದದ್ದು ಹೆಚ್ಚು ನೋವು.

ಪೊಲೀಸರಿಗೆ ಕೊಡುತ್ತಿದ್ದರು ಎಂದು ನೀವು ಹೇಳುವುದು ಇರಬಹುದು. ಜೈಲಿಗೆ ಹೋಗುವುದಾ, ಊರಿಗೆ ಕಳ್ಳಿಯಾಗಿ ಹೋಗುವುದಾ ಎಂದು ನನ್ನ ಹತ್ತಿರ ಕೇಳಬೇಕಿತ್ತು. ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಕೇಳಲಿಕ್ಕೆ ಎಷ್ಟು ಹೊತ್ತು ಬೇಕಿತ್ತು?

ಆವತ್ತು ನೀವು ಏನು ಹೇಳಿದಿರಿ ಎಂದು ನನಗೆ ಬರೆಯಬೇಡಿ. ಕ್ಷಮೆ ಕೇಳಿಯೂ ಬರೆಯಬೇಡಿ. ಕನ್ನಡದಲ್ಲಿ ನನಗೆ ಹೇಳಿ ಎಂತ ಪ್ರಯೋಜನ? ನಾನು ಹೇಳಿದ್ದು ನನಗೆ ಗೊತ್ತುಂಟು. ಅದನ್ನು ಆ ಮನೆಗೆ ಹೋಗಿ, ಮೇಡಂ ಇದ್ದರೆ ಮೇಡಂಗೆ, ಅರಬ್ಬಿಯಲ್ಲಿ ಹೇಳಿ. ಅವರು ಏನು ಹೇಳುತ್ತಾರೆ ಎಂದು ಹೆಚ್ಚು ಕಡಿಮೆ ಮಾಡದೆ ನನಗೆ ತಿಳಿಸಿ.

ಇಂತಿ,
ಲೀಲಾಕ್ಷಿ


ಬಿನ್ ಮಹಮೂದ್, ದೋಹಾ
30 ಮೇ 2025

ಲೀಲಾಕ್ಷಿಯವರೇ,

ನಿಮ್ಮ ಕಾಗದ ಬಂದು ಹದಿನೈದು ದಿನ ನಾನು ಏನೂ ಮಾಡಲಿಲ್ಲ. ನಿಮ್ಮ ಮೇಲೂ ಸಿಟ್ಟು ಮಾಡಿಕೊಂಡೆ. ಅರುಂಧತಿಯ ಮೇಲೆ, ಕ್ಯಾರೊಲಳ ಮೇಲೆ, ಆಫೀಸಿನಲ್ಲಿ ಟ್ರೆವರನ ಮೇಲೆ, ಎದುರು ಸಿಕ್ಕವರ ಮೇಲೆಲ್ಲ ರೇಗಿದೆ. ಬೈಯಲು ಇನ್ನು ಯಾರೂ ಉಳಿಯಲಿಲ್ಲ ಎನ್ನುವಾಗ ಹೋದೆ.

ಹಳೆಯ ಮಾಲೀಕರು ತೀರಿಕೊಂಡಿದ್ದಾರೆ. ಈಗ ಪ್ರೆಸ್ಸು ನಡೆಸುವವನು ಅವರ ಮಗನೇ, ನೀವು ನೋಡಿದ ಆ ಹುಡುಗ. ಮೊದಲು ಅಬ್ದುಲ್ ಮಜೀದ್ ಸಾಹೇಬರ ಹತ್ತಿರ ಹೋಗಿ ನಿಜ ಹೇಳಿದೆ. ಅವರು, "ಹಾಗಾದರೆ ಇಪ್ಪತ್ತೇಳನೇ ಪುಟದ ಚಿತ್ರದಲ್ಲಿ ಒಬ್ಬರನ್ನು ಬರೆಸುವುದು ಬಿಟ್ಟುಹೋಗಿದೆ" ಎಂದರು. ಬಾಗಿಲವರೆಗೆ ಬಂದು ಕಳಿಸುವ ವಾಡಿಕೆ ಅವರದು, ಆವತ್ತು ಎದ್ದು ಬರಲಿಲ್ಲ.

ನೂರಾ ಮೇಡಂ ವಕ್ರಾ ಊರಿನ ಅದೇ ಮನೆಯಲ್ಲಿದ್ದಾರೆ. ಈಗ ಕೋಲು ಹಿಡಿದು ನಡೆಯುತ್ತಾರೆ. ಕಳೆದ ಶುಕ್ರವಾರ ಸಂಜೆಯ ನಮಾಜು ಮುಗಿದ ಮೇಲೆ ಹೋದೆ. ನನ್ನ ಗುರುತು ಹಿಡಿದು ಗಹ್ವಾ ಕಾಫಿ ತರಿಸಿದರು. ನಾನು ಲೋಟ ಮುಟ್ಟದೆ ಹೇಳಿದೆ. ಆವತ್ತಿನ ಮಾತನ್ನು ಬರೆಯಬೇಡಿ ಎಂದಿದ್ದೀರಿ, ಆದರೆ ಮೇಡಂಗೆ ಹೇಳಿದ್ದನ್ನು ಬಿಟ್ಟರೆ ಮತ್ತೆ ಅರ್ಧ ಹೇಳಿದಂತಾಗುತ್ತದೆ. ನಾನು ಹೇಳಿದ್ದು ಇದು: "2011ರಲ್ಲಿ ಲೀಲಾಕ್ಷಿ ನಿಮಗೆ, ನಾನು ತೆಗೆದಿಲ್ಲ, ನಿಮ್ಮ ತಮ್ಮನ ಮಗ ತೆಗೆದದ್ದನ್ನು ನೋಡಿದ್ದೇನೆ ಎಂದು ಹೇಳಿದಳು. ನಾನು ನಿಮಗೆ, ಅವಳು ಕ್ಷಮೆ ಕೇಳುತ್ತಿದ್ದಾಳೆ, ಪೊಲೀಸರಿಗೆ ಕೊಡಬೇಡಿ, ಊರಿಗೆ ಕಳಿಸಿಬಿಡಿ ಎನ್ನುತ್ತಿದ್ದಾಳೆ ಎಂದು ಹೇಳಿದೆ. ಅವಳ ಬಾಯಿಂದ ಕ್ಷಮೆಯ ಮಾತು ಬಂದೇ ಇಲ್ಲ. ಅದು ನಾನು ಹುಟ್ಟಿಸಿದ್ದು."

ಮೇಡಂ ಕೋಲನ್ನು ನೆಲಕ್ಕೆ ಕುಟ್ಟಿದರು. ಗಹ್ವಾದ ಲೋಟ ಉರುಳಿತು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಆ ಗಡಿಯಾರ ಎರಡೇ ತಿಂಗಳಲ್ಲಿ ಸಿಕ್ಕಿತು. ಹುಡುಗನ ಕಪಾಟಿನಿಂದ ನನ್ನ ತಮ್ಮನೇ ತಂದುಕೊಟ್ಟ. ಅವಳನ್ನು ವಾಪಸ್ ಕರೆಸಬೇಕು ಎಂದು ಆವತ್ತೇ ನನಗೆ ಅನ್ನಿಸಿತ್ತು. ಆದರೆ ಅವಳೇ ಕ್ಷಮೆ ಕೇಳಿದ್ದಳಲ್ಲ! ಏನೂ ಮಾಡದವಳು ಯಾಕೆ ಕ್ಷಮೆ ಕೇಳುತ್ತಾಳೆ? ಹುಡುಗನ ಜೊತೆ ಅವಳೂ ಸೇರಿದ್ದಾಳೆ ಎಂದುಕೊಂಡೆ. ಹದಿನಾಲ್ಕು ವರ್ಷ ಹಾಗೆಯೇ ಅಂದುಕೊಂಡು ನಮಾಜು ಮಾಡಿದ್ದೇನೆ. ನೀನು ಒಂದು ಮಾತಿನಲ್ಲಿ ಅವಳನ್ನೂ ಮುಳುಗಿಸಿದೆ, ನನ್ನನ್ನೂ ಪಾಪಕ್ಕೆ ತಳ್ಳಿದೆ."

ನಾನು ಹೆದರಿದ್ದೆ ಎಂದು ಹೇಳಲು ಹೊರಟೆ. "ಹೆದರಿದ್ದು ನೀನು, ಕಳ್ಳಿಯಾದದ್ದು ಅವಳು. ಸುಮ್ಮನಿರು" ಎಂದರು. ಗಡಿಯಾರ ಸಿಕ್ಕಿದ್ದನ್ನೂ ನೀವು ಅದನ್ನು ತೆಗೆದಿಲ್ಲ ಎಂಬುದನ್ನೂ ಅರಬ್ಬಿಯಲ್ಲಿ ಬರೆಸಿ ಸಹಿ ಹಾಕಿದ್ದಾರೆ. ಅದು ಈ ಕಾಗದದ ಜೊತೆಗಿದೆ. ಶಾಲೆಯವರಿಗೆ ತೋರಿಸಲು ಕನ್ನಡದ ಪ್ರತಿ ಬೇಕಾಗುತ್ತದೆ. ಅದನ್ನು ನಾನು ಮಾಡಿಲ್ಲ, ಅರುಂಧತಿಯ ಕೈಯಲ್ಲಿ ಮಾಡಿಸಿಕೊಳ್ಳಿ.

ಜೂನ್ ಮುಗಿದ ಮೇಲೆ ಬರಬೇಡ ಎಂದು ಸೋಮವಾರ ಪ್ರೆಸ್ಸಿನಿಂದ ನನಗೆ ಪತ್ರ ಕೊಟ್ಟಿದ್ದಾರೆ. ಇದನ್ನು ನಿಮ್ಮ ಮನಸ್ಸು ಕರಗಲಿ ಎಂದು ಬರೆಯುತ್ತಿಲ್ಲ. ನಡೆದದ್ದರಲ್ಲಿ ಏನನ್ನೂ ಬಿಡಬಾರದು ಎಂದು ಬರೆದೆ, ಅಷ್ಟೇ.

ನಾನು ಎದ್ದು ಹೊರಡುವಾಗ ಮೇಡಂ ಇನ್ನೊಂದು ಮಾತು ಹೇಳಿದರು. "ಅವಳು ಆವತ್ತು ಹೇಳಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಸಾಯುವುದರೊಳಗೆ ಅವಳ ಬಾಯಿಂದ ಕೇಳಬೇಕು. ಅವಳು ಬೈದರೆ ಬೈಯಲಿ. ಫೋನ್ ಮಾಡಲು ಹೇಳು. ಆದರೆ ನಮ್ಮಿಬ್ಬರ ನಡುವೆ ನೀನು ಇರಕೂಡದು."

ನಂಬರ್ ಮೇಡಂ ಅವರ ಸಹಿಯ ಕೆಳಗಿದೆ. ಅರುಂಧತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ. ಅವಳ ಅರಬ್ಬಿ ಚೆನ್ನಾಗಿದೆ, ಒಂದು ಸಲ ತಪ್ಪು ಮಾಡಿ ತಿದ್ದಿಕೊಂಡವಳು, ನೀವು ಹೇಳಿದ್ದನ್ನೇ ಹೇಳುತ್ತಾಳೆ.

ರೋಸಲಿನ್